ನೋಡಿದವರೆಲ್ಲ ರಿಟೈರು

ತಾಂಡೂರಿನಿಂದ ಹೈದರಾಬಾದಿಗೆ ಹೋಗಿ ಬಂದವರಿಗೆ ಬರವಿಲ್ಲ. ದವಾಖಾನೆಗೆ ಹೋದವರಿದ್ದಾರೆ, ಕೋರ್ಟಿಗೆ ಅಲೆದವರಿದ್ದಾರೆ, ಸಿನಿಮಾ ನೋಡಲೆಂದೇ ಹೋಗಿ ಜೇಬು ಕತ್ತರಿಸಿಕೊಂಡು ಬಂದವರೂ ಇದ್ದಾರೆ. ಆದರೆ ಗುಮಾಸ್ತನಾಗಿ ರೈಲು ಹತ್ತಿ, ತಜ್ಞನಾಗಿ ರೈಲು ಇಳಿದವನು ನಮ್ಮ ಮನ್ಮಥಪ್ಪ ಒಬ್ಬನೇ.

ಆತ್ಮಾರಾಮ ಸೇಠರ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವನು ಗುಮಾಸ್ತ. ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಹೈದರಾಬಾದಿನ ಯಾವುದೋ ಸಂಸ್ಥೆ ಒಂದು ತರಬೇತಿ ಇಟ್ಟಿತು. ಪ್ರಾವಿಡೆಂಟ್ ಫಂಡು ಅಂದರೇನು, ಗ್ರ್ಯಾಚುಟಿ ಅಂದರೇನು, ರಿಟೈರ್ ಆಗುವ ಕೆಲಸಗಾರನಿಗೆ ಏನೆಲ್ಲ ತಿಳಿಸಿ ಹೇಳಬೇಕು, ಇದೇ ಪಾಠ. ಹೋಗಬೇಕಾದವನು ಹೆಡ್ ಕ್ಲರ್ಕ್ ಕಾಶಿರಾಮ. ಹೊರಡುವ ಹಿಂದಿನ ದಿನ ಅವನಿಗೆ ಕಾಮಣಿ ಆಗಿ ಕಣ್ಣು ಹಳದಿಯಾಯಿತು. ಟಿಕೀಟು ತೆಗೆಸಿದ್ದಾಗಿದೆ, ಹಾಳು ಮಾಡುವುದು ಬೇಡ ಎಂದು ಸೇಠರು ಮನ್ಮಥಪ್ಪನನ್ನು ಕಳಿಸಿದರು. ಹೀಗೆ ವಿದ್ಯೆ ಅವನನ್ನು ಹುಡುಕಿಕೊಂಡು ಬಂತು.

ಬರುವಾಗ ಅವನ ಕೈಯಲ್ಲಿ ಒಂದು ಸರ್ಟಿಫಿಕೇಟು ಇತ್ತು. ಮೇಲೆ ಬಂಗಾರದ ಬಣ್ಣದ ಮುದ್ರೆ, ಕೆಳಗೆ ಕೆಂಪು ರಿಬ್ಬನ್ನು, ಮೂಲೆಯಲ್ಲಿ ಮನ್ಮಥಪ್ಪನದೇ ಫೋಟೋ. ಉಳಿದದ್ದೆಲ್ಲ ಇಂಗ್ಲಿಷು. ಅದರ ಅರ್ಥ 'ಕಾರ್ಮಿಕರ ನಿವೃತ್ತಿ ಯೋಜನೆಗಳ ಸಲಹೆಗಾರ' ಎಂದು ಅವನಿಗೆ ಅಲ್ಲಿಯ ಮಾಸ್ತರರೇ ಹೇಳಿದ್ದರು. ಅವನು ತಾನಾಗಿ ಓದಿಕೊಂಡದ್ದು ತನ್ನ ಹೆಸರನ್ನು ಮಾತ್ರ. ಬಜಾರಿನಲ್ಲಿ ದೇವರ ಪಟಗಳಿಗೆ ಹಾಕುವ ಜರಿ ಅಂಚಿನ ದಪ್ಪ ಫ್ರೇಮನ್ನೇ ಅದಕ್ಕೂ ಹಾಕಿಸಿ ಮನೆಗೆ ತಂದ.

ಹೆಂಡತಿ ಶಕುಂತಲಾಬಾಯಿ ಕೈ ಒರೆಸಿಕೊಂಡು ಬಂದು ನೋಡಿದಳು. "ಇದರಿಂದ ಪಗಾರ ಏರ್ತದೇನ್ರಿ?"

"ಪಗಾರ ಏರೂದಿಲ್ಲ. ಇಜ್ಜತ್ ಏರ್ತದ."

"ಹಂಗಾದ್ರ ಆ ಇಜ್ಜತ್ ತಗೊಂಡು ಹೋಗಿ ಒಂದೀಟು ಎಣ್ಣಿ ತರ್ರಿ. ಡಬ್ಬಿ ಖಾಲಿ ಅದ."

ಆದರೂ ಆಕೆ ದೊಡ್ಡ ಮನಸ್ಸಿನವಳು. ಬಸವಣ್ಣನ ಪಟದ ಪಕ್ಕದಲ್ಲೇ ಮೊಳೆ ಹೊಡೆದು ಫ್ರೇಮನ್ನು ತೂಗುಹಾಕಿದಳು. ದಿನಾ ಸೆರಗಿನಿಂದ ಒರೆಸಿದಳು. ಸೋಮವಾರ ಬಸವಣ್ಣನಿಗೆ ಹೂವಿನ ಹಾರ ಹಾಕುವಾಗ ಗಂಡನಿಗೂ ಒಂದು ಹಾಕಿದಳು.

ಮನ್ಮಥಪ್ಪ ಆ ಫ್ರೇಮನ್ನು ಮನೆಯಲ್ಲೇ ಬಿಟ್ಟಿದ್ದರೆ ಊರಿಗೆ ಸುಖವಿತ್ತು. ಅವನು ಅದನ್ನು ಬಗಲಲ್ಲಿ ಇಟ್ಟುಕೊಂಡು ಕಾರ್ಖಾನೆಗೆ ಹೊರಟ. ಬರೀ ಬಾಯಲ್ಲಿ ಸಲಹೆ ಕೊಟ್ಟರೆ ಕೇಳುವವರು ಯಾರು? ಮೊದಲು ಪ್ರಮಾಣ ತೋರಿಸಬೇಕು, ಆಮೇಲೆ ಬಾಯಿ ತೆರೆಯಬೇಕು, ಇದು ಅವನ ಸಿದ್ಧಾಂತ. ಗೇಟಿನ ಕಾವಲುಗಾರ ವಿಠೋಬಾನ ಮೂಗಿನ ಮುಂದೆ ಫ್ರೇಮು ಹಿಡಿದ. ವಿಠೋಬಾ ಕಣ್ಣರಳಿಸಿ ನೋಡಿ ಕೈಮುಗಿದ. ಆ ವಾರವೇ ವಿಠೋಬಾನಿಗೆ ರಿಟೈರ್ ಆರ್ಡರು ಬಂತು. ಆಮೇಲೆ ಕಟಿಂಗ್ ಮಶೀನಿನ ಅಂಜಪ್ಪನಿಗೆ ತೋರಿಸಿದ. ಅಂಜಪ್ಪ ಫೋಟೋ ನೋಡಿ, "ಛಲೋ ಬಂದದ್ರಿ, ಮೀಸಿ ಒಂದೇ ಸೊಟ್ಟ" ಎಂದ. ತಿಂಗಳು ತುಂಬುವುದರೊಳಗೆ ಅವನೂ ಮನೆಗೆ ಹೋದ.

ಕಾರ್ಖಾನೆಯ ದಾಖಲೆಯಲ್ಲಿ ಅವರಿಗೆ ರಿಟೈರಾಗುವ ಐವತ್ತೆಂಟು ತುಂಬುತ್ತಿತ್ತು, ತುಂಬುವುದಿತ್ತೆಂದೇ ಮನ್ಮಥಪ್ಪ ಅವರ ಹತ್ತಿರ ಹೋಗಿದ್ದ. ಆದರೆ ಇದನ್ನು ಯಾರಿಗೆ ಹೇಳುವುದು? ಡಾಕ್ಟರು ಬಂದು ಹೋದ ಮೇಲೆ ಮುದುಕ ಸತ್ತರೆ ಕೆಟ್ಟ ಹೆಸರು ಡಾಕ್ಟರಿಗೇ. ಅದೂ ಅಲ್ಲದೆ ಕಾರ್ಖಾನೆಯಲ್ಲಿ ಯಾರಿಗೂ ತನ್ನ ವಯಸ್ಸು ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಅಂದಿನ ಗುಮಾಸ್ತ ಮೀಸೆ ನೋಡಿ ಅಂದಾಜಿನಲ್ಲಿ ಬರೆದದ್ದೇ ಜನ್ಮದಿನ. ಹೀಗಾಗಿ ಮುಪ್ಪು ವಯಸ್ಸಿನಿಂದ ಬರುವುದಿಲ್ಲ, ಮನ್ಮಥಪ್ಪನ ಬಗಲಿನಿಂದ ಬರುತ್ತದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಫ್ರೇಮು ನೋಡಿದವನು ರಿಟೈರು!

ಮರುವಾರದಿಂದ ಕಾರ್ಖಾನೆಯ ನೋಟವೇ ಬದಲಾಯಿತು. ನರೆತ ತಲೆಗಳೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಕಪ್ಪಾದವು. ಮನ್ಮಥಪ್ಪ ಅಂಗಳಕ್ಕೆ ಬಂದರೆ ಸಾಕು, ಇಬ್ಬರು ಹೊರಬೇಕಾದ ಫರಸಿಯನ್ನು ಮುದುಕರು ಒಬ್ಬೊಬ್ಬರೇ ಎತ್ತಿ, ಅವನಿಗೆ ಬೆನ್ನು ತೋರಿಸಿ, ಓಡಿದಂತೆ ನಡೆಯುತ್ತಿದ್ದರು. ಅಷ್ಟು ಕೆಲಸ ಆ ಕಾರ್ಖಾನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಇಷ್ಟಾಗಿ ಸೇಠರಾದರೂ ಅವನನ್ನು ಮೆಚ್ಚಬೇಕಿತ್ತಲ್ಲ? ಅವರು ಅವನನ್ನು ಕಂಡೊಡನೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು.

"ಅದನ್ನ ಈ ಕಡಿ ತಿರಿಗಿಸಬ್ಯಾಡ! ನಂಗ ಅರವತ್ತ ಆಗ್ಯಾವ. ನನ್ನ ಮಗ ಬಾಗಿಲದಾಗೇ ನಿಂತಾನ, ನನ್ನ ರೊಕ್ಕದ ಗಲ್ಲೇ ಮ್ಯಾಲ ಕುಂದರ್ಲಿಕ್ಕಿ."

ಕಾರ್ಖಾನೆಯ ಸುದ್ದಿ ಓಣಿಗೆ ಬಂತು. ಓಣಿಗೆ ಬಂದ ಸುದ್ದಿ ಅಡಿಗೆಮನೆ ಹೊಕ್ಕಿತು. ಒಂದು ಸಂಜೆ ಎದುರು ಮನೆಯ ಕೌಶಲ್ಯಾ ಸೆರಗು ಹೊದ್ದು ಹಿತ್ತಲ ಬಾಗಿಲಿಗೆ ಬಂದಳು. ಆಕೆ ಪಾಲಿಶ್ ಮಿಸ್ತ್ರಿ ಈಶಪ್ಪನ ಸೊಸೆ. ಆಕೆಯ ಅತ್ತೆ ಬಂಡಮ್ಮ ಅಂದರೆ ಓಣಿಯ ನಾಯಿ ಕೂಡ ಬಾಲ ಮುದುರುವ ಹೆಂಗಸು.

"ಅಣ್ಣಾ, ಒಂದ ಮಾತು. ಆ ಫೋಟೋ ನಮ್ಮ ಅತ್ತಿಗೂ ಒಮ್ಮಿ ತೋರ್ಸಾಕ ಬರ್ತದೇನು?"

"ಯವ್ವಾ, ಅದು ಕಾರ್ಖಾನಿಯವರಿಗಿ ಮಾತ್ರ."

"ನಮ್ಮ ಅಡಗಿಮನಿ ಯಾವ ಕಾರ್ಖಾನಿಗಿ ಕಡಿಮಿ ಅದ? ಮದುವಿ ಆಗಿ ಬಂದಾಗಿನಿಂದ ಉಪ್ಪಿನ ಡಬ್ಬಿ ನನ್ನ ಕೈಗಿ ಸಿಕ್ಕಿಲ್ಲ. ಕೀಲಿ ಅಕಿ ಸೊಂಟದಾಗ. ನಾ ಹೊಗಿ ಕುಡೀಬೇಕು, ಅಕಿ ರುಚಿ ನೋಡ್ಬೇಕು. ಅತ್ತಿಗೋಳಿಗಿ ಐವತ್ತೆಂಟು ಇಲ್ಲೇನಣ್ಣಾ?"

ಆಕೆಯ ಹಿಂದೆ ಮತ್ತಷ್ಟು ಸೊಸೆಯಂದಿರು ಅದೇ ಅಹವಾಲು ಹಿಡಿದು ಬಂದರು. ಅತ್ತೆಯಂದಿರು ಸುಮ್ಮನಿರುವ ಜಾತಿಯೇ? ಮರುದಿನ ಬಂಡಮ್ಮ ರೊಟ್ಟಿ ಬಡಿದ ಹಿಟ್ಟಿನ ಕೈಯಲ್ಲೇ ಓಣಿಯ ನಡುವೆ ನಿಂತಳು. "ಏ ಮನ್ಮಥಪ್ಪಾ! ಆ ನಿನ್ನ ಸೊಟ್ಟ ಮೀಸಿ ಮೋತಿಗಿ ಕಟ್ಟ ಹಾಕಿಸಿದ್ದು ನನ್ನ ಬಾಗಿಲದ ಕಡಿ ತಂದೆ ಅಂದ್ರ, ಗ್ಲಾಸು ಬ್ಯಾರಿ, ಫ್ರೇಮು ಬ್ಯಾರಿ, ನೀ ಬ್ಯಾರಿ ಮಾಡ್ತೀನಿ ನೋಡು!"

ಇದೆಲ್ಲ ನಕ್ಕು ಬಿಡಬಹುದಾದ ಮಾತು. ನಗಲಾರದ ಸುದ್ದಿ ಆ ತಿಂಗಳ ಕೊನೆಗೆ ಬಂತು. ಬಂಡಮ್ಮನ ಗಂಡ, ಮೂವತ್ತು ವರ್ಷ ಫರಸಿ ತಿಕ್ಕಿ ಕನ್ನಡಿ ಮಾಡಿದ ಈಶಪ್ಪ, ಕಾರ್ಖಾನೆಯಿಂದ ಕಾಣೆಯಾದ. ಬರುವ ಶನಿವಾರ ಅವನ ಕೊನೆಯ ದಿನ. ಫ್ರೇಮನ್ನು ನೋಡದಿದ್ದರೆ ರಿಟೈರ್ ಹತ್ತುವುದಿಲ್ಲ ಎಂದು ನಂಬಿ, ಅವನು ನಾರಾಯಣಖೇಡದ ತಂಗಿ ಜನಾಬಾಯಿಯ ಮನೆಗೆ ಓಡಿಹೋಗಿದ್ದ.

ಸೇಠರ ಮುಖದಲ್ಲಿ ಒಂದು ಸಣ್ಣ ಸಂತೋಷ ಕಂಡಿತು. "ಶನಿವಾರದ ಒಳಗ ಬಂದು ಅಂಗೂಠಾ ಒತ್ತಿದ್ರ ಗ್ರ್ಯಾಚುಟಿ ಕೊಡ್ತೀನಿ. ಇಲ್ಲಾಂದ್ರ ಹೇಳದ ಕೇಳದ ನೌಕರಿ ಬಿಟ್ಟು ಓಡಿ ಹೋದಾಂವ ಅಂತ ಬರಸ್ತೀನಿ. ಆಮ್ಯಾಲ ನನ್ನ ಬಾಗಲಕ್ಕ ಬರಬ್ಯಾಡಂತ ಹೇಳು."

ಮನ್ಮಥಪ್ಪ ಬೆರಳಲ್ಲಿ ಉಳಿದ ದಿನ ಎಣಿಸಿದ. ಆ ಮುದುಕನ ಮುಪ್ಪಿನ ಅನ್ನ ತನ್ನ ಜರಿ ಅಂಚಿನ ಫ್ರೇಮಿನಿಂದಾಗಿ ಮಣ್ಣುಪಾಲಾಗುವುದಿತ್ತು. ಗುರುವಾರ ಬೆಳಿಗ್ಗೆಯೇ ಹೊರಟ. ಫ್ರೇಮು ಬಿಟ್ಟು ಹೋಗೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದುಂಟು. ಆದರೆ ಪರವೂರು, ಸರ್ಟಿಫಿಕೇಟಿಲ್ಲದ ತಜ್ಞನನ್ನು ನಂಬುವವರಾರು? ಹೆಗಲ ಮೇಲಿನ ಬಿಳಿ ವಲ್ಲಿಯಲ್ಲಿ ಸುತ್ತಿ ಬಗಲಿಗೇರಿಸಿದ. ಸೋಮವಾರದ ಹಾರ ತೆಗೆಯುವುದನ್ನು ಮರೆತ.

ಜಹೀರಾಬಾದಿನಲ್ಲಿ ನಾರಾಯಣಖೇಡದ ಬಸ್ಸು ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ಆದರೆ ಬಿಳಿ ಬಟ್ಟೆ, ಅದರಿಂದ ಇಣುಕುವ ಬಾಡಿದ ಚೆಂಡುಹೂವು, ಹೊತ್ತವನ ಸಪ್ಪೆ ಮುಖ ಕಂಡು ಜನ ತಾವಾಗಿ ಸರಿದರು. ಕಂಡಕ್ಟರು ಟೋಪಿ ತೆಗೆದು ಮುಂದಿನ ಸೀಟು ಖಾಲಿ ಮಾಡಿಸಿದ. ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತ ಸಕ್ಕುಬಾಯಿ ಎಂಬ ಮುದುಕಿ ಕಣ್ಣೊರೆಸಿಕೊಂಡು ಕೇಳಿದಳು. "ಯಾರ ಫೋಟೋ ಮಗಾ?"

"ನಂದೇ, ಯವ್ವಾ."

"ನಿಂದಾ?"

"ಹೂಂ. ಖರೇನ ನಂದೇ. ನೋಡ್ತೀಯೇನು?" ಎಂದು ಮನ್ಮಥಪ್ಪ ಬಟ್ಟೆ ಸರಿಸಿದ. ಹಾರದ ನಡುವೆ ಅದೇ ಸೊಟ್ಟ ಮೀಸೆ ಇತ್ತು.

ಮುದುಕಿ ಫೋಟೋ ನೋಡಿದಳು, ಅವನನ್ನು ನೋಡಿದಳು, ಬಸ್ಸಿನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಪಾಪ, ಜೋಡಿ ಹುಟ್ಟಿದ ಅಣ್ಣ ತಮ್ಮ ಇರಬೇಕು. ದುಃಖಕ್ಕ ತಲಿ ಕೆಟ್ಟದ." ಬುಟ್ಟಿಯಿಂದ ಎರಡು ಮಾವಿನ ಹಣ್ಣು ತೆಗೆದು ಅವನ ಮಡಿಲಲ್ಲಿ ಇಟ್ಟಳು. "ತಿನ್ನು ಮಗಾ. ಹೋದವರ ಹಿಂದ ಹೋಗಾಕ ಬರೂದಿಲ್ಲ."

ಅವನು ಅವಳಿಗೆ ನಿವೃತ್ತಿ ಯೋಜನೆ ವಿವರಿಸಲು ಹೊರಟ. ಆಕೆ ತಲೆ ಸವರಿ ಸಮಾಧಾನ ಮಾಡಿದಳು. ಮನ್ಮಥಪ್ಪ ಮಾವಿನ ಹಣ್ಣು ತಿಂದ. ಇಡೀ ತಿಂಗಳಲ್ಲಿ ಅವನನ್ನು ಪ್ರೀತಿಯಿಂದ ಮಾತಾಡಿಸಿದವಳು ಈಕೆ ಒಬ್ಬಳೇ, ಅವನಿಗೆ ಕಣ್ಣು ತುಂಬಿ ಬಂತು. ಬಸ್ಸಿನವರಿಗೆ ಸಂಶಯವೇ ಉಳಿಯಲಿಲ್ಲ.

ಜನಾಬಾಯಿಯ ಅಂಗಳದಲ್ಲಿ ಈಶಪ್ಪ ಎಮ್ಮೆಗೆ ಕಣಿಕೆ ಹಾಕುತ್ತಿದ್ದ. ಬಗಲಲ್ಲಿ ಚೌಕದ ಗಂಟು ಕಂಡದ್ದೇ ತಡ, ಕಂಬಳಿ ಮುಸುಕು ಹಾಕಿಕೊಂಡು ಎಮ್ಮೆಯ ಹಿಂದೆ ಕುಕ್ಕರಿಸಿದ.

"ಕಾಕಾ, ಮಾತು ಕೇಳು. ಶನಿವಾರದ ಒಳಗ ಬರಲಿಲ್ಲಂದ್ರ ನಿನ್ನ ಹಕ್ಕಿನ ರೊಕ್ಕ ಮುಳಗ್ತದ."

"ಮುಳಗಲಿ. ನಾ ನೋಡೂದಿಲ್ಲ. ನೋಡದ ಇದ್ದಾಗ ರಿಟೈರ್ ಹೆಂಗ ಹತ್ತತದ?"

ಒಳಗಿನಿಂದ ಜನಾಬಾಯಿ ಬಂದಳು. ಅಣ್ಣ ಕಂಬಳಿಯೊಳಗೆ, ಪರವೂರಿನ ಗಂಡಸು ಎಮ್ಮೆಯ ಮುಂದೆ ಭಾಷಣ ಮಾಡುತ್ತ. ಆಕೆ ಮಾತಿಲ್ಲದೆ ಫ್ರೇಮು ಕಿತ್ತುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದನ್ನ ನೋಡಿದ್ರ ನೌಕರಿ ಹೋಗ್ತದೇನು? ಆತು, ನಾ ನೋಡ್ದೆ. ಅಣ್ಣಾ, ಇನ್ನ ಈ ಎಮ್ಮಿ ನೀನೇ ಹಿಂಡು." ಹಿಂಡುವ ಚೆಂಬನ್ನು ಅವನ ಮುಂದೆ ಕುಕ್ಕಿದಳು. "ಬೇಕೂಫ! ಒಂದು ಕಾಗದಕ್ಕ ಅಂಜಿ ಓಡಿ ಬಂದೀಯಾ? ಖರೇ ಏನದ ಹೇಳು."

ಕಂಬಳಿ ಅಲುಗಾಡಿತು. ಆಮೇಲೆ ಒಳಗಿನಿಂದ ಮಾತು ಬಂತು.

"ಮನ್ಯಾಗ ನಾ ಎಲ್ಲಿ ಕುಂದರ್ಲಿ, ಜನಾ? ಅಡಗಿಮನಿ ನಿನ್ನ ಅತ್ತಿಗಿ ಬಂಡಿದು. ಪಡಸಾಲಿ ಬಂಡಿದು. ಕಟ್ಟಿ ಮ್ಯಾಲ ಅಕಿ ಸಂಡಿಗಿ ಹಾಕ್ತಾಳ. ಒಂದ್ ಐತವಾರ ಮನ್ಯಾಗ ಇದ್ರನೇ 'ಅಕಡಿ ಸರಿ, ಇಕಡಿ ಸರಿ' ಅಂತ ಅಂಗಳಕ್ಕ ಹಾಕ್ತಾಳ. ಮೂವತ್ತು ವರ್ಷ ಕಾರ್ಖಾನಿ ಭೋಂಗಾ ಕೂಗಿದ ಕೂಡ್ಲೆ ಮನಿ ಬಿಟ್ಟಾಂವ ನಾನು. ನನ್ನ ಮನಿ ಹಗಲ ಹೊತ್ತಿನ್ಯಾಗ ಹೆಂಗ ಇರ್ತದ ನಂಗ ಗೊತ್ತಿಲ್ಲ."

ಮನ್ಮಥಪ್ಪ ಹೈದರಾಬಾದಿನ ಪಾಠವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದ. ಫಂಡಿನ ಬಡ್ಡಿ ಇತ್ತು, ವಾರಸುದಾರನ ಹೆಸರು ಬರೆಸುವುದಿತ್ತು. ರಿಟೈರಾದವನು ಎಲ್ಲಿ ಕೂಡಬೇಕು ಎಂಬುದನ್ನು ಯಾವ ಮಾಸ್ತರರೂ ಹೇಳಿರಲಿಲ್ಲ. ತಜ್ಞರು ಇಂಥ ಹೊತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಎದ್ದು ಹೋಗುತ್ತಾರೆ. ಮನ್ಮಥಪ್ಪನಿಗೆ ಅಷ್ಟು ತರಬೇತಿಯಾಗಿರಲಿಲ್ಲ.

"ಕಾಕಾ, ನಿಂಗ ಕುಂದರಾಕ ಜಾಗಾ ಕೊಡಸೂದು ನನ್ನ ಜವಾಬ್ದಾರಿ. ನಡಿ."

"ಬಂಡಿಗಿ ನೀ ಹೇಳ್ತೀ?"

"ಹೇಳ್ತೀನಿ."

"ಆ ಫೋಟೋದ ಮ್ಯಾಲ ಕೈ ಇಟ್ಟು ಆಣಿ ಮಾಡು."

ಮನ್ಮಥಪ್ಪ ತನ್ನ ಫೋಟೋದ ಮೇಲೆ ತಾನೇ ಕೈಯಿಟ್ಟು ಆಣೆ ಮಾಡಿದ. ಈಶಪ್ಪ ಕಂಬಳಿ ತೆಗೆದ, ಆದರೆ ತಾಂಡೂರು ಮುಟ್ಟುವ ತನಕ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಓಣಿ ಹೊಕ್ಕಾಗ ಬಂಡಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಕೌಶಲ್ಯಾ, ಅವಳ ಹಿಂದೆ ಇಡೀ ಓಣಿ. ಅತ್ತೆಯಂದಿರು ಒಂದು ಕಡೆ ನಿಂತಿದ್ದರು, ಸೊಸೆಯಂದಿರು ಇನ್ನೊಂದು ಕಡೆ. ಶಕುಂತಲಾಬಾಯಿ ಗಂಡನ ಹೆಣ ಎತ್ತುವ ತಯಾರಿಯಲ್ಲಿ ಮುಂದೆಯೇ ನಿಂತಿದ್ದಳು.

"ಕಾಕಿ," ಎಂದ ಮನ್ಮಥಪ್ಪ. ಫ್ರೇಮನ್ನು ಗುರಾಣಿಯ ಹಾಗೆ ಎದೆಗೆ ಹಿಡಿದಿದ್ದ, ಪುಣ್ಯಕ್ಕೆ ಬಟ್ಟೆ ಸುತ್ತಿತ್ತು. "ಕಾಕಾ ನಾಳಿಗಿ ರಿಟೈರ್ ಆಗ್ತಾನ. ಮೂವತ್ತು ವರ್ಷ ದುಡದಾನ. ಸೇಠ ಹಾರ ಹಾಕ್ತಾನ, ಶಾಲ ಹೊಚ್ತಾನ, ರೊಕ್ಕ ಕೊಡ್ತಾನ. ಅದೆಲ್ಲ ತಗೊಂಡು ಮನಿಗಿ ಬಂದ್ರ ಅಂವಗ ಕುಂದರಾಕ ಒಂದೀಟು ಜಾಗಾ..."

"ಹಾರ ಹಾಕ್ತಾನ?" ಬಂಡಮ್ಮ ಕೇಳಿದಳು.

"ಹಾಕ್ತಾನ."

"ಶಾಲ?"

"ಹೊಚ್ತಾನ, ಕಾಕಿ."

ಬಂಡಮ್ಮ ಚೀರುತ್ತಾಳೆಂದು ಓಣಿ ಕಿವಿ ಮುಚ್ಚಿಕೊಂಡಿತು. ಅವಳು ಚೀರಲಿಲ್ಲ.

"ಅಂವ ನೌಕರಿಗಿ ಹತ್ತೂಕಿಂತ ಮೊದಲ ನಾ ಈ ಮನ್ಯಾಗ ಒಲಿ ಊದಾಕ ಹತ್ತೀನಿ. ಅಂವಗ ಐತವಾರ ಸೂಟಿ ಇತ್ತು. ನಂಗ ಐತವಾರ ಎರಡು ರೊಟ್ಟಿ ಜಾಸ್ತಿ ಇತ್ತು. ನಂಗ ಯಾವ ಸೇಠ ಹಾರ ಹಾಕ್ತಾನ, ಹೇಳು? ನಿನ್ನ ಹೈದರಾಬಾದಿನ ಸಾಲ್ಯಾಗ ಇದಕ್ಕೇನ ಹೇಳ್ಯಾರ?"

ಅತ್ತೆಯಂದಿರ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಸೊಸೆಯಂದಿರು ನೆಲ ನೋಡಿದರು. ಈಶಪ್ಪ ತಾನು ನಿಂತ ಜಾಗವನ್ನೂ ಬಿಟ್ಟು ಇನ್ನಷ್ಟು ಅಂಚಿಗೆ ಸರಿದ.

"ಅರಿವಿ ತೆಗಿ," ಎಂದಳು ಬಂಡಮ್ಮ.

"ಯಾಕ ಕಾಕಿ?"

"ತೆಗಿ ಅಂದೆ!"

ಮನ್ಮಥಪ್ಪ ಬಟ್ಟೆ ತೆಗೆದ. ಓಣಿಯ ಜನ ಪಟಪಟನೆ ಕಣ್ಣು ಮುಚ್ಚಿಕೊಂಡರು. ಬಂಡಮ್ಮ ಒಬ್ಬಳೇ ಹಿಟ್ಟಿನ ಕೈಗಳನ್ನು ಸೊಂಟಕ್ಕಿಟ್ಟು, ಮುಂದೆ ಬಂದು, ಮುದ್ರೆ, ರಿಬ್ಬನ್ನು, ಸೊಟ್ಟ ಮೀಸೆ, ಎಲ್ಲವನ್ನೂ ಸಾವಕಾಶ ನೋಡಿದಳು. ಸಂತೆಯಲ್ಲಿ ಬದನೆಕಾಯಿ ನೋಡುವಾಗಲೂ ಅವಳು ಅಷ್ಟು ನೋಡುತ್ತಿರಲಿಲ್ಲ.

"ನೋಡ್ದೆ," ಎಂದಳು. "ಛಂದಾಗಿ ನೋಡ್ದೆ. ಎಲ್ಲಾರೂ ಸಾಕ್ಷಿ ಇದ್ದೀರಿ. ಇವತ್ತಿನಿಂದ ನಾನೂ ರಿಟೈರ್."

ಸೊಂಟದಿಂದ ಕೀಲಿಗೊಂಚಲು ಬಿಚ್ಚಿದಳು. "ಕೌಶಲ್ಯಾ, ಹಿಡಿ. ಉಪ್ಪಿನ ಡಬ್ಬಿ ಮ್ಯಾಲಿನ ಹಲಗಿ ಮ್ಯಾಲ ಅದ. ಹಿಂಗ ಬಾಯಿ ತಕ್ಕೊಂಡು ನೋಡಬ್ಯಾಡ, ರೊಟ್ಟಿ ಹೊತ್ತಾಕ ಹತ್ಯದ!"

ಕೌಶಲ್ಯಾ ಕೀಲಿ ಹಿಡಿದದ್ದೇ ಹೋ ಎಂದು ಅಳತೊಡಗಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ಮನ್ಮಥಪ್ಪನಿಗೆ ಏನು ಮಾಡಬೇಕೆಂದು ಹೊಳೆಯದೆ, ಫ್ರೇಮಿನ ಮೇಲಿದ್ದ ಹಾರ ತೆಗೆದು ಈಶಪ್ಪನ ಕೈಗೆ ಕೊಟ್ಟ. ನಾರಾಯಣಖೇಡಕ್ಕೆ ಹೋಗಿ ಬಂದ, ಅರ್ಧ ಹೂವು ಬಸ್ಸಿನಲ್ಲೇ ಉದುರಿದ ಹಾರ. ಈಶಪ್ಪ ಮಿಸ್ತ್ರಿ ಅದನ್ನು ಹೆಂಡತಿಯ ಕೊರಳಿಗೆ ಹಾಕಿದ.

"ಬಂಡೀ," ಎಂದ, "ನಿನ್ನ ರೊಟ್ಟಿ ಬಲದ ಮ್ಯಾಲ ಮೂವತ್ತು ವರ್ಷ ಕಲ್ಲು ತಿಕ್ಕೀನಿ."

"ಗೊತ್ತದ ಗೊತ್ತದ," ಎಂದಳು ಬಂಡಮ್ಮ, ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡು. "ಹೋಗಿ ಕಟ್ಟಿ ಮ್ಯಾಲಿನ ಸಂಡಿಗಿ ತೆಗಿ. ಇಬ್ಬರು ಕುಂದರಬೇಕಲ್ಲ."

ಶನಿವಾರ ಈಶಪ್ಪ ಅಂಗೂಠಾ ಒತ್ತಿದ. ಸೇಠರು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ಹಾರ ಹಾಕಿದರು, ಅದು ಮೊದಲು ಕಾಶಿರಾಮನ ಕೊರಳಿಗೆ ಬಿದ್ದು ಆಮೇಲೆ ಸರಿಹೋಯಿತು. ಹಕ್ಕಿನದೆಲ್ಲ ಕೈಗೆ ಬಂತು. ಕಟ್ಟೆಯ ಮೇಲೆ ಗಂಡ ಹೆಂಡತಿ ಜೋಡಿಯಾಗಿ ಕೂತು ಹಗಲು ಹೊತ್ತಿನ ಓಣಿಯನ್ನು ನೋಡುತ್ತ, ಒಳಗಿನಿಂದ ಬರುವ ಚಹಾಕ್ಕೆ ಕಾಯುವುದನ್ನು ಕಾರ್ಖಾನೆಯ ಮುದುಕರೆಲ್ಲ ಬಂದು ನೋಡಿ ಹೋದರು. ಒಗ್ಗರಣೆ ಸೀದ ವಾಸನೆ ಬಂದಾಗೆಲ್ಲ ಬಂಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿರುತ್ತಿದ್ದಳು. ಅದೂ ಒಂದು ತಪಸ್ಸೇ. ಕಪ್ಪು ಬಣ್ಣ ತೊಳೆದುಕೊಂಡ ತಲೆಗಳು ಒಂದೊಂದಾಗಿ ಮನ್ಮಥಪ್ಪನ ಮೇಜಿನ ಮುಂದೆ ಬಂದವು. "ಬಾಬೂಸಾಬ್, ನಂಗೂ ಒಂದೀಟು ತಿಳಿಸಿ ಹೇಳ್ರಿ" ಎಂದವು. ಅವನು ಫಂಡಿನ ಲೆಕ್ಕ ಕಾಶಿರಾಮನನ್ನು ಕೇಳಿ ಹೇಳುತ್ತಿದ್ದ. ಆದರೆ ಮೊದಲ ಪ್ರಶ್ನೆ ಮಾತ್ರ ಅವನದೇ. "ಮನ್ಯಾಗ ಎಲ್ಲಿ ಕುಂದರ್ತೀ?"

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಬಂಡಮ್ಮ ಸಂಡಿಗೆ ತುಂಬಿದ ಡಬ್ಬಿಯನ್ನು ತಾನೇ ತಂದು ಮನ್ಮಥಪ್ಪನ ಕೈಗಿಟ್ಟಳು. "ತಮ್ಮಾ, ನಿನ್ನ ಹೊಟ್ಟಿ ತಣ್ಣಗಿರ್ಲಿ. ಮುಂಜಾನಿ ಬಿಸಲು ನಮ್ಮ ಕಟ್ಟಿ ಮ್ಯಾಲ ಇಷ್ಟು ಛಂದ ಬೀಳ್ತದಂತ ನಂಗ ಗೊತ್ತೇ ಇರಲಿಲ್ಲ" ಎಂದಳು. ಮನ್ಮಥಪ್ಪನಿಗೆ ಆಕಾಶ ಮೂರೇ ಗೇಣು ಉಳಿಯಿತು. ಡಬ್ಬಿ ಹಿಡಿದು ಒಳಗೆ ಬಂದ.

"ಏ, ಕೇಳಿದೇನು? ಒಂದು ಕಪ್ ಛಾ ಕೊಡು!"

ಒಲೆ ತಣ್ಣಗಿತ್ತು. ಶಕುಂತಲಾಬಾಯಿ ಪಡಸಾಲೆಯಲ್ಲಿ, ಗೋಡೆಯ ಮೇಲಿನ ಫ್ರೇಮಿನ ಎದುರಿಗೆ, ಕೈಕಟ್ಟಿಕೊಂಡು ಕೂತಿದ್ದಳು.

"ಏನಾತು? ಮೈಯಾಗ ಛಲೋ ಇಲ್ಲೇನು?"

"ಛಲೋ ಅದ," ಎಂದಳು ಆಕೆ, ಕಣ್ಣು ತೆಗೆಯದೆ. "ಎಲ್ಲಾರಿಗಿಂತ ಮೊದಲ ನೋಡಿದಾಕಿ ನಾನು. ದಿನಾ ಒರಸ್ತೀನಿ, ದಿನಾ ನೋಡ್ತೀನಿ. ನಂಗ್ಯಾಕ ಹತ್ತವಲ್ದು ಅಂತ ನೋಡಾಕತ್ತೀನ್ರಿ."

ಮನ್ಮಥಪ್ಪ ಡಬ್ಬಿ ಕೆಳಗಿಟ್ಟು, ಅಂಗಿಯ ತೋಳು ಏರಿಸಿ, ಅಡಿಗೆಮನೆಗೆ ಹೋದ. ಒಲೆ ಊದಿದ. ಹೊಗೆ ಮೊದಲು ಅವನ ಕಣ್ಣಿಗೆ, ಆಮೇಲೆ ಮೀಸೆಗೆ, ಕೊನೆಗೆ ಓಣಿಗೆಲ್ಲ ಹೋಯಿತು. ಎದುರು ಕಟ್ಟೆಯಿಂದ ಬಂಡಮ್ಮ, "ಯಾರ ಮನಿಗಿ ಬೆಂಕಿ ಹತ್ಯದ?" ಎಂದು ಕೂಗಿದಳು. ಬಹಳ ಹೊತ್ತಿನ ಮೇಲೆ ಅವನು ಒಂದು ಕಪ್ಪು ತಂದು ಹೆಂಡತಿಯ ಮುಂದಿಟ್ಟ. ಚಹಾ ಕರ್ರಗಿತ್ತು, ಸಕ್ಕರೆ ಇರಲಿಲ್ಲ, ಬೂದಿ ಇತ್ತು.

ಆಕೆ ಕೊನೆಯ ಗುಟುಕಿನ ತನಕ ಕುಡಿದು, ಕಪ್ಪು ಕೆಳಗಿಟ್ಟಳು.

"ಛಲೋ ಆಗ್ಯದ್ರಿ," ಎಂದಳು.

ಮದುವೆಯಾದಾಗಿನಿಂದ ದಿನಾ ಅವಳ ಚಹಾ ಕುಡಿದ ಮನ್ಮಥಪ್ಪ ಒಮ್ಮೆಯೂ ಆಡದ ಮಾತು ಅದು. ಅವನು ಗೋಡೆಯಿಂದ ಫ್ರೇಮನ್ನು ಇಳಿಸಿ, ಸೋಮವಾರದ ಹೊಸ ಹಾರವನ್ನು ಅದಕ್ಕೆ ಹಾಕದೆ ಕೈಯಲ್ಲಿ ಹಿಡಿದು, ಹೆಂಡತಿಯ ಕಡೆ ತಿರುಗಿದ.